ತನ್ನ ಮಾತು ತಂಗಿಯ ಬಾಯಲ್ಲಿ: ಒಂದು ಪ್ರಕರಣ

"ಅವಳಿಗೆ ಅಮ್ಮ ಭಾರ ಆಗಿದ್ದಾಳೆ. ಬಾಯಿಬಿಟ್ಟು ಹೇಳಲ್ಲ, ಅಷ್ಟೇ. ಎಲ್ಲಾದ್ರೂ ಸೇರಿಸಿ ಕೈ ತೊಳ್ಕೊಳ್ಳೋಣ ಅಂತ ಅವಳ ಮನಸ್ಸಲ್ಲಿದೆ."

ಆಪ್ತಸಲಹೆಗಾರ್ತಿಯ ಮುಂದೆ ಕೂತು ಅಕ್ಕ ಮೊದಲು ಹೇಳಿದ್ದು ಇದು. ತನಗೆ ನಿದ್ದೆ ಇಲ್ಲ, ಬೆನ್ನು ನೋವು, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಅನ್ನುವುದೆಲ್ಲ ಆಮೇಲೆ ಬಂತು, ಅದೂ ಕೇಳಿದ ಮೇಲೆ. ತಂಗಿಯ ಮನಸ್ಸಲ್ಲಿ ಏನಿದೆ ಅನ್ನುವುದು ಮಾತ್ರ ಕೇಳುವ ಮೊದಲೇ ಬಂತು.

ಇದು ಒಂದೇ ಮನೆಯ ಕಥೆಯಲ್ಲ. ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ ಕಡೆ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಟ್ಟು ಮಾಡಿ ಒಂದು ಪ್ರಕರಣವಾಗಿ ಕಟ್ಟಿದ್ದೇನೆ. ಹೆಸರು ಬೇಕಿಲ್ಲ. ಅಕ್ಕ, ತಂಗಿ, ಅಮ್ಮ ಅಂದರೆ ಸಾಕು. ನಮ್ಮೊಳಗಿನ ಭಾವನೆಯನ್ನೋ ಯೋಚನೆಯನ್ನೋ ಇನ್ನೊಬ್ಬರದ್ದು ಅಂತ ನಂಬುವುದನ್ನು ಮನಶ್ಶಾಸ್ತ್ರದಲ್ಲಿ ಪ್ರಕ್ಷೇಪಣ ಅನ್ನುತ್ತಾರೆ. ಪ್ರೊಜೆಕ್ಷನ್ ಅಂತ ಈಗ ಜಗಳದ ಮಧ್ಯೆಯೂ ಕೇಳಿಸುತ್ತದೆ. ಅದು ಒಂದು ಮನೆಯೊಳಗೆ ಹೇಗೆ ನಡೆಯುತ್ತದೆ ಅನ್ನುವುದನ್ನು ನಿಧಾನವಾಗಿ ನೋಡಬೇಕು. ಅವಸರದಲ್ಲಿ ನೋಡಿದರೆ "ಅಕ್ಕನದ್ದೇ ತಪ್ಪು, ತಂಗಿ ಪಾಪ" ಅಂತ ಮುಗಿದುಹೋಗುತ್ತದೆ. ವಿಷಯ ಅಷ್ಟು ಸಲೀಸಾಗಿಲ್ಲ.

ಮನೆಯ ಸ್ಥಿತಿ

ಅಕ್ಕನಿಗೆ 52, ತಂಗಿಗೆ 46, ಅಮ್ಮನಿಗೆ 79. ಇದಕ್ಕೆ 14 ತಿಂಗಳ ಹಿಂದೆ ಅಮ್ಮನಿಗೆ ಪಾರ್ಶ್ವವಾಯು ಆಗಿತ್ತು. ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಬಲಗೈ, ಬಲಗಾಲು ಸೋತವು. ಹೆಚ್ಚಿನವರಲ್ಲಿ ಭಾಷೆಯ ಕೆಲಸವೂ ಎಡಭಾಗದ್ದೇ ಆದ್ದರಿಂದ ಮಾತೂ ಹೋಯಿತು. ಬೇರೆಯವರು ಹೇಳಿದ್ದು ಒಂದು ಮಟ್ಟಿಗೆ ಅರ್ಥ ಆಗುತ್ತಿತ್ತು. ತಾನು ಹೇಳಲು ಹೋದರೆ ಒಂದೆರಡು ಪದ ಬರುತ್ತಿತ್ತು, ಅದೂ ಬೇರೆಯದ್ದೇ. "ನೀರು" ಬೇಕಾದಾಗ "ಬಾಗಿಲು" ಅಂದದ್ದುಂಟು. ತಪ್ಪು ಪದ ಬಂತು ಅಂತ ಅವರಿಗೆ ತಿಳಿಯುತ್ತಿತ್ತು. ಮುಖ ಕಿವುಚಿ ಸುಮ್ಮನಾಗುತ್ತಿದ್ದರು.

ಅಮ್ಮ ಇರುವುದು ಅಕ್ಕನ ಮನೆಯಲ್ಲಿ. ಅಕ್ಕ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಿದ್ದಳು. ಬೆಡ್‌ಸೋರ್, ಅಂದರೆ ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಆಗಬಾರದೆಂದು ರಾತ್ರಿಯೂ ಎರಡೆರಡು ಗಂಟೆಗೆ ಎದ್ದು ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು. ಅಮ್ಮನ ಮಂಚದ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದಳು. ತಂಗಿ ಇರುವುದು ದೂರದ ಊರಲ್ಲಿ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದಳು. ಫಿಸಿಯೋಥೆರಪಿಯ ಖರ್ಚು ಅವಳದ್ದು.

ಮೊದಮೊದಲು ಆ ಫೋನ್ ಇಬ್ಬರಿಗೂ ಬೇಕಾಗಿತ್ತು. ವರ್ಷ ಕಳೆಯುವ ಹೊತ್ತಿಗೆ ಅದು ಜಗಳದ ಹೊತ್ತಾಯಿತು. ಕೊನೆಗೆ ಎಲ್ಲ ಕೆಟ್ಟದ್ದು ಒಂದು ಮೆಸೇಜಿನಿಂದ. ತಂಗಿ ಬರೆದದ್ದು: "ಅಕ್ಕ, ಸ್ವಲ್ಪ ದಿನ ನೀನು ರೆಸ್ಟ್ ತಗೋ. ಏನಾದ್ರೂ ವ್ಯವಸ್ಥೆ ನೋಡೋಣ."

ಅಕ್ಕ ಅದಕ್ಕೆ ಉತ್ತರ ಬರೆಯಲಿಲ್ಲ. ಮರುದಿನ ಫೋನ್ ಬಂದಾಗ "ನಿನಗೆ ಅಷ್ಟು ಭಾರ ಆಗಿದ್ರೆ ದುಡ್ಡೂ ಕಳಿಸ್ಬೇಡ" ಅಂದು ಇಟ್ಟುಬಿಟ್ಟಳು. ಮೂರು ವಾರ ಮಾತಿಲ್ಲ. ಅಕ್ಕನ ಗಂಡ ಬೇಸತ್ತು, "ಯಾರ ಹತ್ರಾನಾದ್ರೂ ಮಾತಾಡು" ಅಂತ ಆಪ್ತಸಲಹೆಗಾರ್ತಿಯ ಬಳಿ ಕಳಿಸಿದರು.

ಹೇಳಿದ್ದು, ಕೇಳಿಸಿದ್ದು

ಸಲಹೆಗಾರ್ತಿ ವಾದಕ್ಕೆ ಹೋಗಲಿಲ್ಲ. "ಅವಳು ಯಾವ ಮಾತಲ್ಲಿ ಹೇಳಿದಳು? ಅವಳ ಮಾತಲ್ಲೇ ಹೇಳಿ" ಅಂತ ಕೇಳಿದರು. ಅಕ್ಕನಿಗೆ ತಡವರಿಸಿತು. ತಂಗಿ ಏನು ಹೇಳಿದಳೋ ಅದು ಅಕ್ಷರಶಃ ನೆನಪಿರಲಿಲ್ಲ. ಅರ್ಥ ಮಾತ್ರ ಚೆನ್ನಾಗಿ ನೆನಪಿತ್ತು.

ಅಮ್ಮನ ಮಾತ್ರೆ, ಬಿಪಿ ಬರೆದಿಡುವ ನೋಟ್‌ಬುಕ್ ಒಂದು ಮನೆಯಲ್ಲಿತ್ತು. ಮುಂದೆ ಫೋನ್ ಬಂದಾಗ ಅದರ ಹಿಂದಿನ ಪುಟದಲ್ಲಿ ಗೆರೆ ಎಳೆದು, ಒಂದು ಕಡೆ ತಂಗಿ ಹೇಳಿದ್ದು, ಇನ್ನೊಂದು ಕಡೆ ತನಗೆ ಕೇಳಿಸಿದ್ದು ಬರೆಯಬೇಕು ಅಂತ ಆಯಿತು. ಫೋನ್ ಶುರುವಾಗಬೇಕಾದರೆ ಅಕ್ಕನೇ ಮಾಡಬೇಕಿತ್ತು. ಮಾಡಿದಳು. "ಅಮ್ಮನ ಬಿಪಿ ಇವತ್ತು ಸರಿ ಇದೆ" ಅಂತ ಶುರು ಮಾಡಿದಳಂತೆ. ಮೂರು ವಾರದ ಮೌನದ ಬಗ್ಗೆ ಇಬ್ಬರೂ ಎತ್ತಲಿಲ್ಲ.

ಒಂದು ವಾರದ ಪುಟದಿಂದ ಮೂರು ಸಾಲು ಇಲ್ಲಿವೆ.

ಹೇಳಿದ್ದು: "ಅಮ್ಮ ಊಟ ಮಾಡಿದ್ಲಾ?" ಕೇಳಿಸಿದ್ದು: ನೀನು ಹೊತ್ತಿಗೆ ಸರಿಯಾಗಿ ತಿನ್ನಿಸ್ತೀಯೋ ಇಲ್ವೋ.

ಹೇಳಿದ್ದು: "ನಿನಗೆ ನಿದ್ದೆ ಆಗ್ತಿದ್ಯಾ?" ಕೇಳಿಸಿದ್ದು: ಅಮ್ಮನನ್ನ ಬಿಟ್ಟು ಮಲಗಿಬಿಡ್ತೀಯಾ.

ಹೇಳಿದ್ದು: "ಎಷ್ಟು ದಿನ ಅಂತ ನೀನೊಬ್ಬಳೇ ಮಾಡ್ತೀಯ?" ಕೇಳಿಸಿದ್ದು: ಇನ್ನೂ ಎಷ್ಟು ದಿನ ಬದುಕಿರ್ತಾಳೆ.

ಮೊದಲ ಎರಡನ್ನು ಯಾರಾದರೂ ಅರ್ಥ ಮಾಡಿಕೊಳ್ಳಬಹುದು. ದಣಿದವರಿಗೆ ಪ್ರಶ್ನೆ ಅನ್ನುವುದೇ ದೂರಿನಂತೆ ಕೇಳಿಸುತ್ತದೆ. ಮೂರನೆಯದು ಬೇರೆ ಥರದ್ದು. ಅಲ್ಲಿ ಅಕ್ಕನ ದಣಿವಿನ ಬಗ್ಗೆ ಇದ್ದ ಪ್ರಶ್ನೆ ಅಮ್ಮನ ಸಾವಿನ ಬಗ್ಗೆ ತಿರುಗಿಬಿಟ್ಟಿದೆ. ತಂಗಿಯ ಮಾತಿನಲ್ಲಿ ಸಾವಿನ ಸುಳಿವೂ ಇರಲಿಲ್ಲ. "ಎಷ್ಟು ದಿನ" ಅನ್ನುವ ಎರಡು ಪದ ಸಿಕ್ಕಿದ್ದವು. ಉಳಿದದ್ದು ಕೇಳಿದವಳೇ ತುಂಬಿಕೊಂಡದ್ದು.

ಆ ಸಾಲನ್ನು ಸಲಹೆಗಾರ್ತಿಗೆ ಓದಿ ಹೇಳಿದ ಮೇಲೆ ಅಕ್ಕ ನೋಟ್‌ಬುಕ್ ಮುಚ್ಚಿದಳು. "ಹಾಗೆ ಅವಳು ಅಂದಿಲ್ಲ" ಅಂತ ತಾನೇ ಹೇಳಿದಳು. ಸ್ವಲ್ಪ ಬಿಟ್ಟು, "ಆದ್ರೆ ಅರ್ಥ ಅದೇ ಅಲ್ವಾ" ಅಂದಳು.

ನನಗೆ ಈ ಎರಡು ವಾಕ್ಯ ಮುಖ್ಯ ಅನ್ನಿಸುತ್ತದೆ. ಮೊದಲನೆಯದನ್ನು ಹೇಳಲು ಸಾಧ್ಯವಾದವರ ಜೊತೆ ಕೆಲಸ ಮಾಡಬಹುದು. ಎಷ್ಟು ಸಾಕ್ಷಿ ತೋರಿಸಿದರೂ ನಂಬಿಕೆ ಒಂದಿಷ್ಟೂ ಅಲುಗದೆ, ಎಲ್ಲರೂ ಸೇರಿ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನುವವರೆಗೆ ಹೋದರೆ, ಅದಕ್ಕೆ ನೋಟ್‌ಬುಕ್ ಸಾಲದು, ಮನೋವೈದ್ಯರೇ ಬೇಕು. ಅಕ್ಕ ಆ ಹಂತದಲ್ಲಿರಲಿಲ್ಲ.

ವಿಷಯ ಅದೇ, ವಿಳಾಸ ಬೇರೆ

ಮನೋವಿಶ್ಲೇಷಣೆಯನ್ನು ಶುರು ಮಾಡಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1895ರ ಜನವರಿಯಲ್ಲಿ ಗೆಳೆಯ ವಿಲ್ಹೆಲ್ಮ್ ಫ್ಲೀಸ್‌ಗೆ ಒಂದು ಟಿಪ್ಪಣಿ ಕಳಿಸಿದ. ಅದರಲ್ಲೂ ಅಕ್ಕತಂಗಿಯರಿದ್ದಾರೆ, ಆದರೆ ಕಥೆ ಬೇರೆ. ಮದುವೆಯಾಗದ ಮೂವತ್ತರ ಆಸುಪಾಸಿನ ಒಬ್ಬಳು ಸೋದರ ಮತ್ತು ಅಕ್ಕನ ಜೊತೆ ಇದ್ದಳು. ಅವರ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಗಂಡಸು ಅವಳ ಜೊತೆ ಅಸಭ್ಯವಾಗಿ ನಡೆದುಕೊಂಡು ಆಮೇಲೆ ಹೊರಟುಹೋಗಿದ್ದ. ಸ್ವಲ್ಪ ಕಾಲದ ನಂತರ, ನೆರೆಮನೆಯವರು ತನ್ನ ಬಗ್ಗೆ ಆಡಿಕೊಳ್ಳುತ್ತಿದ್ದಾರೆ, ಅವನಿಗಾಗಿ ತಾನು ಕಾಯುತ್ತಿದ್ದೇನೆ ಅನ್ನುತ್ತಿದ್ದಾರೆ ಅಂತ ಅವಳಿಗೆ ಅನ್ನಿಸತೊಡಗಿತು. ಫ್ರಾಯ್ಡ್‌ನ ಓದು ಹೀಗಿತ್ತು: ಅವಳು ತನ್ನನ್ನೇ ಒಳಗೊಳಗೆ ದೂರುತ್ತಿದ್ದಳು. ಆ ದೂರಿನ ವಿಷಯ ಬದಲಾಗಲಿಲ್ಲ, ಜಾಗ ಬದಲಾಯಿತು. ಒಳಗಿನಿಂದ ಬರುತ್ತಿದ್ದದ್ದು ಹೊರಗಿನಿಂದ ಬರತೊಡಗಿತು. ಅದರಿಂದ ಒಂದು ಲಾಭವೂ ಇದೆ. ಹೊರಗಿನವರ ದೂರನ್ನು "ಸುಳ್ಳು" ಅಂತ ತಳ್ಳಿಹಾಕಬಹುದು. ಒಳಗಿನದ್ದನ್ನು ತಳ್ಳುವುದು ಕಷ್ಟ.

ಫ್ರಾಯ್ಡ್ ಹೇಳಿದ್ದೆಲ್ಲ ಇವತ್ತು ನಿಲ್ಲುವುದಿಲ್ಲ. ಆ ಹೆಂಗಸಿನ ಕಾಯಿಲೆಯನ್ನು ಈಗಿನ ವೈದ್ಯರು ಬೇರೆ ರೀತಿ ನೋಡಬಹುದು. ಆದರೂ ವಿಷಯ ಉಳಿದು ವಿಳಾಸ ಬದಲಾಗುತ್ತದೆ ಅನ್ನುವ ಈ ಒಂದು ಗಮನಿಕೆ ಮಾತ್ರ ನಮ್ಮ ಅಕ್ಕನ ನೋಟ್‌ಬುಕ್ಕಿಗೆ ಚೆನ್ನಾಗಿ ಹೊಂದುತ್ತದೆ.

ಇದಕ್ಕೆ ಪ್ರಯೋಗದ ಆಧಾರ ಸಿಕ್ಕಿದ್ದು ಬಹಳ ತಡವಾಗಿ, ಅದೂ ಫ್ರಾಯ್ಡ್ ಹೇಳಿದ ರೂಪದಲ್ಲಲ್ಲ. 1997ರಲ್ಲಿ ಮನಶ್ಶಾಸ್ತ್ರಜ್ಞರಾದ ಲಿಯೊನಾರ್ಡ್ ನ್ಯೂಮನ್, ಕಿಂಬರ್ಲಿ ಡಫ್ ಮತ್ತು ರಾಯ್ ಬಾಮೈಸ್ಟರ್ ಒಂದು ಜಾಣ ಪ್ರಯೋಗ ಪ್ರಕಟಿಸಿದರು. ಪರೀಕ್ಷೆಯ ಫಲಿತಾಂಶ ಅಂತ ಹೇಳಿ, ನಿಮ್ಮಲ್ಲಿ ಇಂಥಿಂಥ ಕೆಟ್ಟ ಗುಣ ಇದೆ ಅಂತ ಜನರಿಗೆ ತಿಳಿಸಿದರು. ಅದು ಸುಳ್ಳು ಫಲಿತಾಂಶ. ಒಂದು ಗುಣದ ಬಗ್ಗೆ ಯೋಚನೆಯನ್ನೇ ಮಾಡಬೇಡಿ ಅಂದರು, ಇನ್ನೊಂದರ ಬಗ್ಗೆ ಬೇಕಾದರೆ ಮಾತಾಡಿ ಅಂದರು. ಆಮೇಲೆ ಗುರುತಿಲ್ಲದ ಒಬ್ಬರ ವಿಡಿಯೋ ತೋರಿಸಿ, ಇವರು ಎಂಥವರು ಅಂತ ಕೇಳಿದರು. ಯಾವ ಗುಣವನ್ನು ಅದುಮಿಟ್ಟಿದ್ದರೋ ಆ ಗುಣವೇ ವಿಡಿಯೋದಲ್ಲಿದ್ದವರಲ್ಲಿ ಜಾಸ್ತಿ ಕಂಡಿತು. ಬಾಯಿಬಿಟ್ಟು ಮಾತಾಡಿದ ಗುಣ ಹಾಗೆ ಕಾಣಲಿಲ್ಲ.

ಯಾಕೆ ಹೀಗೆ? ಒಂದು ಯೋಚನೆಯನ್ನು ಅದುಮಿಡಬೇಕಾದರೆ ಅದು ಬಂತೋ ಇಲ್ಲವೋ ಅಂತ ಮನಸ್ಸು ಸದಾ ಕಾಯುತ್ತಿರಬೇಕು. ಡೇನಿಯಲ್ ವೆಗ್ನರ್ 1987ರಲ್ಲಿ ಜನರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಅಂದಾಗ ಕಂಡದ್ದೂ ಇದೇ. ಬೇಡ ಅಂದದ್ದು ಮತ್ತೆ ಮತ್ತೆ ಬಂತು, ತಡೆ ತೆಗೆದ ಮೇಲಂತೂ ಇನ್ನೂ ಜಾಸ್ತಿ. ಹೀಗೆ ಸದಾ ತುದಿಯಲ್ಲಿರುವ ಯೋಚನೆ, ಎದುರಿನವರ ಅಸ್ಪಷ್ಟ ಮಾತನ್ನು ಅರ್ಥ ಮಾಡಿಕೊಳ್ಳುವಾಗ ಮೊದಲು ಕೈಗೆ ಸಿಗುತ್ತದೆ. ಇದಕ್ಕೆ ನಿಗೂಢವಾದ ಒಳಮನಸ್ಸು ಬೇಕಾಗಿಲ್ಲ. "ವ್ಯವಸ್ಥೆ ನೋಡೋಣ" ಅನ್ನುವುದು ಅಸ್ಪಷ್ಟ ಮಾತು. ಮನೆಗೆ ನರ್ಸ್ ಇಡೋಣ ಅಂತಲೂ ಆಗಬಹುದು, ನಾನು ರಜೆ ಹಾಕಿ ಬರುತ್ತೇನೆ ಅಂತಲೂ ಆಗಬಹುದು. ಅಕ್ಕನಿಗೆ ಮೊದಲು ಕೈಗೆ ಸಿಕ್ಕಿದ ಅರ್ಥ ಒಂದೇ.

ಮುಚ್ಚಿಟ್ಟ ಭಾವನೆಯನ್ನು ಇನ್ನೊಬ್ಬರಿಗೆ ಹೊರಿಸಿದರೆ ಹೊರಿಸಿದವರಿಗೆ ಹಗುರ ಆಗುತ್ತದೆ ಅನ್ನುವ ಹಳೆಯ ನಂಬಿಕೆಗೆ ಮಾತ್ರ ಗಟ್ಟಿ ಪುರಾವೆ ಇಲ್ಲ. ಬಾಮೈಸ್ಟರ್ ಮತ್ತು ಜೊತೆಯವರೇ 1998ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ನೋಡಿ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದರು. ಅಕ್ಕನನ್ನು ನೋಡಿದರೂ ಹಾಗೇ. ಅವಳಿಗೇನೂ ಹಗುರ ಆಗಿರಲಿಲ್ಲ. ತನ್ನ ಭಾವನೆ ಅವಳ ಜೊತೆಗೇ ಇತ್ತು, ಮೇಲೆ ತಂಗಿಯ ಮೇಲಿನ ಸಿಟ್ಟು ಬೇರೆ.

ತಂಗಿಯೇ ಯಾಕೆ

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರೆ. ಇಲ್ಲಿ ಆ ಗಾದೆ ಪೂರ್ತಿ ಹೊಂದುವುದಿಲ್ಲ. ಅಕ್ಕನಿಗೆ ಎಲ್ಲರೂ ಹಳದಿಯಾಗಿ ಕಾಣಲಿಲ್ಲ. ಗಂಡನಿಗೆ ಅತ್ತೆ ಭಾರ ಆಗಿರಬಹುದು ಅಂತ ಅವಳಿಗೆ ಅನ್ನಿಸಲೇ ಇಲ್ಲ, ಆತ ಒಮ್ಮೆ ನೇರವಾಗಿಯೇ "ನಮ್ಮ ಜೀವನ ಎಲ್ಲಿ ಹೋಯ್ತು" ಅಂದಿದ್ದರೂ. ಬೆಳಿಗ್ಗೆ ಬರುವ ಆಯಾ ಬಗ್ಗೆಯೂ ಅನ್ನಿಸಲಿಲ್ಲ. ಕಂಡದ್ದು ಒಬ್ಬಳಲ್ಲಿ ಮಾತ್ರ.

ಅದಕ್ಕೆ ಎರಡು ಕಾರಣ ಕಾಣುತ್ತದೆ. ತಂಗಿ ಅದೇ ಅಮ್ಮನ ಮಗಳು. ಅಮ್ಮನ ವಿಷಯದಲ್ಲಿ ಅಕ್ಕನನ್ನು ತೂಗಿ ನೋಡುವ ಹಕ್ಕಿರುವವಳು ಅವಳೊಬ್ಬಳೇ. ಗಂಡ ಏನಂದರೂ ಅದು ಅಳಿಯನ ಮಾತು. ತಂಗಿಯದ್ದು ತೀರ್ಪು.

ಇನ್ನೊಂದು, ತಂಗಿಯಲ್ಲಿ ಅದರ ಎಳೆ ನಿಜವಾಗಿಯೂ ಇತ್ತು. ಇದನ್ನು ಬಿಟ್ಟರೆ ಪ್ರಕರಣವೇ ಸುಳ್ಳಾಗುತ್ತದೆ. ಅವಳಿಗೆ ದೂರ ಇರುವುದರಿಂದ ತಪ್ಪಿತಸ್ಥ ಭಾವನೆ ಇತ್ತು, ಜೊತೆಗೆ ಒಂದು ನಿರಾಳವೂ ಇತ್ತು. ಫೋನ್ ಇಟ್ಟ ಮೇಲೆ ಉಸಿರು ಬಿಡುತ್ತಿದ್ದಳು. ಅದು ದನಿಯಲ್ಲಿ ಎಲ್ಲೋ ಕೇಳಿಸಿರಬಹುದು. ಫ್ರಾಯ್ಡ್ 1922ರಲ್ಲಿ ಅಸೂಯೆಯ ಬಗ್ಗೆ ಬರೆಯುವಾಗ ಇದನ್ನು ಗುರುತಿಸಿದ್ದ. ಸಂಗಾತಿಯ ಮೇಲೆ ಅನುಮಾನ ಪಡುವವರು ಏನೂ ಇಲ್ಲದ ಕಡೆ ಹೊರಿಸುವುದಿಲ್ಲ; ಎದುರಿನವರಲ್ಲಿ ಇರುವ ಸಣ್ಣದನ್ನು ಹಿಡಿದು ದೊಡ್ಡದು ಮಾಡುತ್ತಾರೆ, ತಮ್ಮದನ್ನು ಮಾತ್ರ ನೋಡುವುದಿಲ್ಲ ಅಂದ.

ಹಾಗಾಗಿ "ಇದು ಪ್ರೊಜೆಕ್ಷನ್" ಅನ್ನುವುದಕ್ಕೆ ಎದುರಿನವರ ಬಗ್ಗೆ ಊಹೆ ಪೂರ್ತಿ ಸುಳ್ಳಾಗಿರಬೇಕು ಅಂತೇನಿಲ್ಲ. ಊಹೆ ಅರ್ಧ ಸರಿ ಇದ್ದಾಗಲೇ ಬಿಡಿಸುವುದು ಕಷ್ಟ. ನೋಡಬೇಕಾದದ್ದು ಅಳತೆಯನ್ನು. ಇದ್ದದ್ದು ಎಷ್ಟು, ಕಂಡದ್ದು ಎಷ್ಟು. ಜೊತೆಗೆ ಇನ್ನೊಂದು: ಕೇಳಿ ತಿಳಿದುಕೊಂಡಿದ್ದಾರಾ? ಅಕ್ಕ ಮೂರು ವಾರ ಮಾತು ಬಿಟ್ಟಿದ್ದಳೇ ಹೊರತು "ವ್ಯವಸ್ಥೆ ಅಂದ್ರೆ ಏನು?" ಅಂತ ಒಂದು ಸಲ ಕೇಳಿರಲಿಲ್ಲ. ಉತ್ತರ ಗೊತ್ತಿದೆ ಅನ್ನುವಷ್ಟು ಖಾತ್ರಿ ಇತ್ತು. ಇನ್ನೊಬ್ಬರ ತಲೆಯೊಳಗಿನ ಬಗ್ಗೆ ಅಷ್ಟು ಖಾತ್ರಿ ಬಂದರೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಅಮ್ಮನ ಮುಖ

ಇಲ್ಲಿಯವರೆಗೆ ಮಾತಾಡುವವರ ಬಗ್ಗೆ ಆಯಿತು. ಮಾತಾಡಲಾಗದ ಅಮ್ಮನ ವಿಷಯ ಇನ್ನೂ ಸೂಕ್ಷ್ಮ. "ರಾತ್ರಿ ನಾನು ಪಕ್ಕದಲ್ಲಿ ಇಲ್ಲದಿದ್ರೆ ಅಮ್ಮನಿಗೆ ಭಯ" ಅಂತ ಅಕ್ಕ ಹೇಳುತ್ತಿದ್ದಳು. "ಬೇರೆಯವರು ಬಂದ್ರೆ ಅವಳಿಗೆ ಆಗಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ." 14 ತಿಂಗಳು ಅವಳು ಅಲ್ಲೇ ಮಲಗಿದ್ದು ಈ ನಂಬಿಕೆಯಿಂದ.

ಇಲ್ಲಿ ಅದುಮಿಟ್ಟದ್ದು ಏನೂ ಇಲ್ಲ. ಇದು ದಿನನಿತ್ಯದ ಪ್ರಕ್ಷೇಪಣ. ನನಗೆ ಹೀಗೆ ಅನ್ನಿಸುತ್ತಿದೆ, ಹಾಗಾದರೆ ಅವರಿಗೂ ಹೀಗೇ ಅನ್ನಿಸುತ್ತಿರಬೇಕು ಅನ್ನುವುದು. ಇದನ್ನು ಎಲ್ಲರೂ ಮಾಡುತ್ತಾರೆ. ಲೀ ರಾಸ್ ಮತ್ತು ಜೊತೆಯವರು 1977ರಲ್ಲಿ ವಿದ್ಯಾರ್ಥಿಗಳನ್ನು, ಎದೆಗೆ ಬೆನ್ನಿಗೆ ಒಂದು ದೊಡ್ಡ ಬೋರ್ಡ್ ತಗುಲಿಸಿಕೊಂಡು ಕ್ಯಾಂಪಸ್ಸಿನಲ್ಲಿ ಓಡಾಡುತ್ತೀರಾ ಅಂತ ಕೇಳಿದರು. ಒಪ್ಪಿದವರು ನೂರಕ್ಕೆ ಸುಮಾರು 62 ಮಂದಿ ಒಪ್ಪುತ್ತಾರೆ ಅಂದರು. ಒಪ್ಪದವರು ನೂರಕ್ಕೆ ಸುಮಾರು 67 ಮಂದಿ ಒಪ್ಪುವುದಿಲ್ಲ ಅಂದರು. ಎರಡೂ ಕಡೆಯವರಿಗೆ ತಾವೇ ಬಹುಮತ! ಮೈಯ ಸ್ಥಿತಿಯೂ ಹೀಗೆ ಹರಿದುಹೋಗುತ್ತದೆ. ಲೀಫ್ ವಾನ್ ಬೋವನ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡಿನಲ್ಲಿ ದಾರಿ ತಪ್ಪಿದವರಿಗೆ ಹಸಿವು ಜಾಸ್ತಿ ಕಾಡುತ್ತದಾ, ಬಾಯಾರಿಕೆ ಜಾಸ್ತಿ ಕಾಡುತ್ತದಾ ಅಂತ ಕೇಳಲಾಗಿತ್ತು. ಆಗಷ್ಟೇ ವ್ಯಾಯಾಮ ಮುಗಿಸಿ ಗಂಟಲು ಒಣಗಿದ್ದವರು, ಇನ್ನೂ ವ್ಯಾಯಾಮ ಶುರು ಮಾಡದವರಿಗಿಂತ ಜಾಸ್ತಿ ಬಾಯಾರಿಕೆ ಅಂದರು.

ಇದರಲ್ಲಿ ತೀರಾ ದಡ್ಡತನ ಇದೆ ಅಂತಲೂ ಅಲ್ಲ. ಇನ್ನೊಬ್ಬರ ಬಗ್ಗೆ ಬೇರೇನೂ ಗೊತ್ತಿಲ್ಲದಿದ್ದರೆ ನಮ್ಮನ್ನೇ ಒಂದು ಮಾದರಿ ಅಂತ ಹಿಡಿಯುವುದು ಲೆಕ್ಕದ ದೃಷ್ಟಿಯಿಂದ ಸರಿಯೇ ಅಂತ ರಾಬಿನ್ ಡಾಸ್ 1989ರಲ್ಲಿ ವಾದಿಸಿದ್ದರು. ತೊಂದರೆ ಶುರುವಾಗುವುದು, ಕೇಳಿ ತಿಳಿಯಬಹುದಾದಾಗಲೂ ಅದನ್ನೇ ಹಿಡಿದುಕೊಂಡಾಗ.

ಅಮ್ಮನನ್ನು ಕೇಳಬಹುದಿತ್ತು. ವಾರಕ್ಕೊಮ್ಮೆ ಬರುವ ಸ್ಪೀಚ್ ಥೆರಪಿಸ್ಟ್ ಎರಡು ದಪ್ಪ ಕಾರ್ಡ್ ಇಟ್ಟುಕೊಂಡಿದ್ದರು, ಒಂದರಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ. ಜೊತೆಗೆ ಕೆಲವು ಚಿತ್ರಗಳು. ಅಮ್ಮ ಎಡಗೈಯಿಂದ ತೋರಿಸಬೇಕು. ಒಂದು ದಿನ ಅವರು ಅಕ್ಕನ ಎದುರೇ ಕೇಳಿದರು: "ರಾತ್ರಿ ಮಗಳು ಇಲ್ಲೇ ಮಲಗಬೇಕಾ?"

ಅಮ್ಮ "ಇಲ್ಲ" ಕಾರ್ಡ್ ಮುಟ್ಟಿದರು.

ಅಕ್ಕ ತಕ್ಷಣ, "ಅವಳಿಗೆ ಪ್ರಶ್ನೆ ಅರ್ಥ ಆಗಿಲ್ಲ" ಅಂದಳು. ಅದೂ ಸಾಧ್ಯವೇ. ಇಂಥ ಸ್ಥಿತಿಯಲ್ಲಿ ಹೌದು, ಇಲ್ಲ ಅದಲುಬದಲಾಗುವುದುಂಟು. ಅದಕ್ಕೇ ಒಂದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳುತ್ತಾರೆ. ಉತ್ತರವೂ ತಿರುಗಿದರೆ ಅರ್ಥ ಆಗಿದೆ ಅಂತ ಲೆಕ್ಕ. ಥೆರಪಿಸ್ಟ್ ನಡುವೆ ಬೇರೆ ಪ್ರಶ್ನೆ ಕೇಳಿ, ಆಮೇಲೆ ಕೇಳಿದರು: "ರಾತ್ರಿ ಮಗಳು ಆಚೆ ರೂಮಲ್ಲಿ ಮಲಗಲಾ?" ಅಮ್ಮ "ಹೌದು" ಮುಟ್ಟಿದರು. ಸುಮ್ಮನೆ ಮುಟ್ಟಲಿಲ್ಲ, ಎರಡು ಸಲ ತಟ್ಟಿದರು.

ಭಯ ಇದ್ದದ್ದು ಅಕ್ಕನಿಗೆ. ರಾತ್ರಿ ಏನಾದರೂ ಆಗಿಬಿಟ್ಟರೆ, ನಾನಿಲ್ಲದಾಗ ಆಗಿಬಿಟ್ಟರೆ ಅನ್ನುವ ಭಯ. ಅಮ್ಮನಿಗೆ ಬೇಕಾಗಿದ್ದದ್ದು ಏನು ಅಂತ ಚಿತ್ರದ ಕಾರ್ಡ್‌ಗಳಿಂದ ನಿಧಾನವಾಗಿ ತಿಳಿಯಿತು. ದೀಪ ಆರಿಸಬೇಕು. ಅಕ್ಕ ಅಲ್ಲಿ ಮಲಗುವಾಗ ರಾತ್ರಿಯಿಡೀ ಲೈಟ್ ಹಾಕಿರುತ್ತಿದ್ದಳು, ಅಮ್ಮನಿಗೆ ಕತ್ತಲಾದರೆ ಭಯ ಅಂತ.

ಅಕ್ಕನಿಗೆ ಇದು ತುಂಬಾ ನೋವಾಯಿತು. ಒಂದು ವರ್ಷದ ಮೇಲಿನ ನಿದ್ದೆಗೇಡು ಯಾರಿಗೂ ಬೇಕಿರಲಿಲ್ಲ ಅಂತ ತಿಳಿದರೆ ಯಾರಿಗಾದರೂ ಆಗುತ್ತದೆ. ಪೂರ್ತಿ ವ್ಯರ್ಥ ಆಗಿರಲಿಲ್ಲ ಅನ್ನಿ, ಮಗ್ಗುಲು ಬದಲಿಸಲು ಯಾರಾದರೂ ಏಳಲೇಬೇಕಿತ್ತು. ಅಲಾರಾಂ ಇಟ್ಟುಕೊಂಡು ಪಕ್ಕದ ರೂಮಿನಿಂದ ಬಂದರೂ ಆಗುತ್ತಿತ್ತು, ಅಷ್ಟೇ.

ನಾಲ್ಕನೇ ರಾತ್ರಿ

ಇದಾದ ಮೇಲೆ ತಂಗಿ ಹತ್ತು ದಿನ ರಜೆ ಹಾಕಿ ಬಂದಳು. ಯಾರ ಸಲಹೆಯೂ ಅಲ್ಲ. "ಮೆಸೇಜಲ್ಲಿ ನಾನು ಹೇಳೋಕೆ ಹೊರಟಿದ್ದೂ ಇದೇ" ಅಂದಳು. ರಾತ್ರಿಯ ಕೆಲಸವನ್ನೆಲ್ಲ ತಾನೇ ವಹಿಸಿಕೊಂಡಳು.

ನಾಲ್ಕನೇ ರಾತ್ರಿ ಎರಡು ಸಲ ಹಾಸಿಗೆ ಬದಲಿಸಬೇಕಾಯಿತು. ಮೂರು ಗಂಟೆಯ ಹೊತ್ತಿಗೆ ಅವಳು ಅಡುಗೆಮನೆಗೆ ಬಂದು ಕೂತಳು. ಸದ್ದಿಗೆ ಅಕ್ಕ ಎದ್ದು ಬಂದಳು.

"ನನಗೆ ಸಾಕಾಗಿ ಹೋಯ್ತು ಅಕ್ಕ" ಅಂದಳು ತಂಗಿ. "ನಾಲ್ಕೇ ದಿನಕ್ಕೆ. ಈಗ ಅಮ್ಮನ ಬಟ್ಟೆ ಬದಲಾಯಿಸ್ತಾ ಇದೆಲ್ಲ ಮುಗಿದು ಹೋಗ್ಲಿ ಅನ್ನಿಸ್ಬಿಡ್ತು."

"ನೋಡಿದ್ಯಾ. ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ನಿನ್ನ ಮನಸ್ಸಲ್ಲಿ ಏನಿದೆ ಅಂತ."

"ನನಗೇ ಇವತ್ತು ರಾತ್ರಿ ಗೊತ್ತಾಗಿದ್ದು" ಅಂದಳು ತಂಗಿ. "ನಿನಗೆ ಒಂದು ದಿನಾನೂ ಅನ್ನಿಸಿಲ್ವಾ?"

"ಇಲ್ಲ."

"ಹಾಗಾದ್ರೆ ನೀನು ದೊಡ್ಡವಳು, ಅಕ್ಕ." ಕುಹಕ ಇರಲಿಲ್ಲ. ನಿಜವಾಗಿಯೇ ಹೇಳಿದಳು. ಲೋಟ ತೊಳೆದಿಟ್ಟು ಅಮ್ಮನ ರೂಮಿಗೆ ಹೋದಳು.

ಮುಂದಿನ ಸಲ ಸಲಹೆಗಾರ್ತಿಯ ಬಳಿ ಬಂದಾಗ ಅಕ್ಕ ಮೊದಲು ಗೆದ್ದವಳ ಹಾಗೆ ಈ ಕಥೆ ಹೇಳಿದಳು: ನಾನು ಅಂದುಕೊಂಡದ್ದು ಸರಿಯಾಯಿತು, ಅವಳ ಬಾಯಿಂದಲೇ ಬಂತು. ಆಮೇಲೆ "ದೊಡ್ಡವಳು" ಅನ್ನುವ ಮಾತಿಗೆ ಬಂದಾಗ ನಿಂತಳು. ಆ ಹೊಗಳಿಕೆ ತನಗೆ ನಾಲ್ಕು ದಿನದಿಂದ ಚುಚ್ಚುತ್ತಿದೆ ಅಂದಳು. ಯಾಕೆ ಅಂತ ಕೇಳಿದ್ದಕ್ಕೆ, ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿ ಹೇಳಿದಳು.

ಅಮ್ಮನಿಗೆ ಜ್ವರ ಬಂದ ಒಂದು ರಾತ್ರಿ, ಎರಡು ಗಂಟೆಗೆ, ಫೋನಿನಲ್ಲಿ ಅವಳೇ ಹುಡುಕಿದ್ದಳು. ಹಾಸಿಗೆ ಹಿಡಿದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗಗಳು ಎಲ್ಲೆಲ್ಲಿವೆ ಅಂತ. ಒಂದರ ಫೋಟೊಗಳನ್ನೆಲ್ಲ ನೋಡಿದಳು. ಕೋಣೆ ಸ್ವಚ್ಛವಾಗಿ ಕಂಡಿತು. ಆಮೇಲೆ ಹುಡುಕಿದ್ದರ ಗುರುತೂ ಉಳಿಯದ ಹಾಗೆ ಫೋನಿನಿಂದ ಅಳಿಸಿಹಾಕಿದಳು. ತಂಗಿಯ ಆ ಮೆಸೇಜ್ ಬಂದದ್ದು ಅದಾಗಿ ಎರಡನೇ ದಿನ.

ಸಲಹೆಗಾರ್ತಿ ಎರಡನ್ನೂ ಜೋಡಿಸಿ ತೋರಿಸಲಿಲ್ಲ. ಜ್ವರದ ದಿನ ಯಾವುದು ಅಂತ ಮಾತ್ರ ಕೇಳಿದರು. ಅಕ್ಕ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಜ್ವರದ ದಿನ ಹುಡುಕಿದಳು, ಫೋನಿನಲ್ಲಿ ಮೆಸೇಜಿನ ದಿನ ನೋಡಿದಳು. "ಓ" ಅಂದಳು. ಅವತ್ತಿಗೆ ಅಷ್ಟೇ.

ಇದರಲ್ಲಿ ಒಳ್ಳೆಯ ಕೆಲಸ ಮಾಡಿದ್ದು ಸಲಹೆಗಾರ್ತಿಗಿಂತ ತಂಗಿಯೇ ಅನ್ನಿಸುತ್ತದೆ. ಅಕ್ಕ ಹದಿನಾಲ್ಕು ತಿಂಗಳಿಂದ ಬಾಯಿಗೆ ಬಾರದಂತೆ ತಡೆದಿದ್ದ ಮಾತನ್ನು, ಅಮ್ಮನ ಬಟ್ಟೆ ಬದಲಿಸಿ ಬಂದ ಕೈಯಲ್ಲೇ ಕೂತು ತಂಗಿ ಆಡಿಬಿಟ್ಟಳು. ಆಡಿದ ಮೇಲೂ ಎದ್ದು ಅಮ್ಮನ ರೂಮಿಗೇ ಹೋದಳು. ಮುಗಿದುಹೋಗಲಿ ಅನ್ನಿಸಿದವರು ಬಿಟ್ಟುಹೋಗುವವರೇ ಆಗಿರಬೇಕಿಲ್ಲ ಅನ್ನುವುದನ್ನು ಅಕ್ಕ ಕಣ್ಣಾರೆ ಕಂಡಳು. ವರ್ಷಗಟ್ಟಲೆ ಸೇವೆ ಮಾಡುವವರಲ್ಲಿ ಈ ಭಾವನೆ ಬರುವುದು ಹೊಸದಲ್ಲ. ಪ್ರೀತಿಯ ಜೊತೆಗೇ ಬರುತ್ತದೆ. ಹೇಳಿಕೊಳ್ಳಲು ಜಾಗ ಇಲ್ಲದಿದ್ದರೆ ಬೇರೆಯವರ ಬಾಯಿ ಹುಡುಕುತ್ತದೆ.

ತಂಗಿಯ ಪಾಲು

ತಂಗಿಯೂ ಇದರಿಂದ ಹೊರಗಿರಲಿಲ್ಲ. "ನಾನು ತಪ್ಪಿಸಿಕೊಂಡು ಓಡಿದೆ ಅಂತ ಅಕ್ಕ ಅಂದ್ಕೊಂಡಿದ್ದಾಳೆ" ಅಂತ ಅವಳೂ ನಂಬಿದ್ದಳು. ಅಕ್ಕ ಹಾಗೆ ಅಂದುಕೊಂಡಿರಲಿಲ್ಲ. ತಂಗಿಯ ಕೆಲಸದ ಕಷ್ಟ ಅವಳಿಗೆ ಗೊತ್ತಿತ್ತು. ಓಡಿದೆ ಅಂತ ತಂಗಿಗೆ ತನ್ನ ಬಗ್ಗೆಯೇ ಅನ್ನಿಸುತ್ತಿತ್ತು. ದುಡ್ಡು ಕಳಿಸಬೇಡ ಅಂದಾಗ ಅವಳು ಮರುಮಾತಾಡದೆ ಮೂರು ವಾರ ಸುಮ್ಮನಿದ್ದದ್ದು ಅದಕ್ಕೇ. ಇದರ ಬಗ್ಗೆ ಜಾಸ್ತಿ ಬರೆಯಲು ಇಲ್ಲ. ತಂಗಿ ಸಲಹೆಗೆ ಬಂದವಳಲ್ಲ, ನೋಟ್‌ಬುಕ್ ಇಟ್ಟವಳೂ ಅಲ್ಲ.

ಬಳಸದ ಮಾತು

ಇಷ್ಟೂ ದಿನಗಳಲ್ಲಿ ಸಲಹೆಗಾರ್ತಿ ಅಕ್ಕನಿಗೆ "ನೀವು ಪ್ರೊಜೆಕ್ಟ್ ಮಾಡ್ತಿದ್ದೀರಿ" ಅಂತ ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಅಕ್ಕನ ಕಿವಿಗೆ ಬೀಳುತ್ತಿದ್ದದ್ದು ಒಂದೇ: ಅಮ್ಮ ಸಾಯಲಿ ಅಂತ ಬಯಸುವವಳು ನೀನೇ. ಇಲ್ಲ ಅಂತ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಮನೆಯ ಜಗಳಗಳಲ್ಲಂತೂ ಈ ಪದ ಬಹಳ ಅನುಕೂಲದ ಆಯುಧ. ನಿಜವಾಗಿಯೂ ತಪ್ಪು ಮಾಡಿದವರು, ಅದನ್ನು ಎತ್ತಿ ಹೇಳಿದವರ ಬಾಯಿ ಮುಚ್ಚಿಸಲು ಇದನ್ನೇ ಬಳಸುತ್ತಾರೆ. ಎದುರಿನವರ ಮನಸ್ಸಿನೊಳಗೆ ಹೀಗೇ ನಡೆಯುತ್ತಿದೆ ಅಂತ ಖಾತ್ರಿಯಿಂದ ಹೇಳುವುದು ಅಕ್ಕ ಮಾಡಿದ ಕೆಲಸಕ್ಕಿಂತ ಬೇರೆಯೇನಲ್ಲ.

"ಅವರ ಜಾಗದಲ್ಲಿ ನಿಂತು ನೋಡಿ" ಅನ್ನುವ ಸಲಹೆಯನ್ನೂ ಕೊಡಲಿಲ್ಲ. ಅದು ಒಳ್ಳೆಯ ಮಾತೇ, ಆದರೆ ಇಂಥ ಕಡೆ ಕೆಲಸಕ್ಕೆ ಬರುವುದಿಲ್ಲ. ಅವರ ಜಾಗದಲ್ಲಿ ನಿಲ್ಲುವುದು ಮತ್ತೆ ನಾವೇ ಅಲ್ವಾ? ತಾಲ್ ಇಯಾಲ್, ಮೇರಿ ಸ್ಟೆಫೆಲ್, ನಿಕೊಲಸ್ ಎಪ್ಲಿ 2018ರಲ್ಲಿ 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ತನ್ನನ್ನು ಊಹಿಸಿಕೊಂಡವರ ಅಂದಾಜು ಹೆಚ್ಚು ಸರಿಯಾಗಲಿಲ್ಲ. ಎದುರಿನವರನ್ನು ಕೇಳಿ ತಿಳಿದುಕೊಂಡವರ ಅಂದಾಜು ಸರಿಯಾಯಿತು. ಅಕ್ಕ 14 ತಿಂಗಳು ಅಮ್ಮನ ಜಾಗದಲ್ಲಿ ನಿಂತೇ ಯೋಚಿಸಿದ್ದಳು. ಲೈಟ್ ಆರಿಸಬೇಕು ಅಂತ ತಿಳಿದದ್ದು ಎರಡು ಕಾರ್ಡಿನಿಂದ.

ಈಗ

ಆರು ತಿಂಗಳ ನಂತರದ ಸ್ಥಿತಿ ಹೀಗಿದೆ. ಅಕ್ಕ ಪಕ್ಕದ ರೂಮಿನಲ್ಲಿ ಮಲಗುತ್ತಾಳೆ. ತಂಗಿ ಎರಡು ತಿಂಗಳಿಗೊಮ್ಮೆ ಬಂದು ಒಂದು ವಾರ ಇರುತ್ತಾಳೆ. ನೋಟ್‌ಬುಕ್ಕಿನ ಹಿಂದಿನ ಪುಟಗಳು ನಿಂತುಹೋಗಿವೆ, ಬರೆಯಲು ಬೇಜಾರು ಅಂತ. ಅದರ ಬದಲು ಅಕ್ಕ ಕೆಲವು ಸಲ ಫೋನಿನಲ್ಲೇ "ಅದರ ಅರ್ಥ ಏನು?" ಅಂತ ಕೇಳುತ್ತಾಳೆ, ಕೆಲವು ಸಲ ಕೇಳದೆ ಸಿಟ್ಟು ಮಾಡಿಕೊಳ್ಳುತ್ತಾಳೆ. ಒಮ್ಮೆ ಆಯಾ "ಅಮ್ಮನೋರಿಗೆ ಇವತ್ತು ಯಾಕೋ ಹಟ" ಅಂದಾಗ, "ಇವಳಿಗೂ ಬೇಡವಾಗಿದ್ದಾಳೆ" ಅಂತ ಒಂದು ದಿನ ಮುಖ ಗಂಟು ಹಾಕಿಕೊಂಡಿದ್ದಳಂತೆ.

ಸಾಕಾಯಿತು ಅನ್ನುವ ಮಾತನ್ನು ಅಕ್ಕ ತಂಗಿಯ ಮುಂದೆ ಆಡಿದ್ದಾಳೆ, ಗಂಡನ ಮುಂದೆ ಇನ್ನೂ ಇಲ್ಲ. ಅಮ್ಮನನ್ನು ಬೇರೆ ಕಡೆ ಸೇರಿಸುವ ವಿಷಯ ಈಗ ಇಬ್ಬರ ನಡುವೆ ನಿಜವಾಗಿಯೇ ಬಂದಿದೆ. ಮುಂದೆ ಯಾವತ್ತಾದರೂ ಯೋಚಿಸಬೇಕಾಗಬಹುದು ಅಂತ ತಂಗಿ ಬಾಯಿಬಿಟ್ಟು ಹೇಳಿದಳು. ಬೇಡ ಅಂತ ಅಕ್ಕ ಹೇಳಿದಳು. ಅದರ ಮೇಲೆ ಇಬ್ಬರೂ ಜಗಳ ಆಡುತ್ತಿದ್ದಾರೆ.